ಹೂರಣದ ಭಾರ

ಕಳೆದ ಭಾನುವಾರ ರಾಜ್ಯೋತ್ಸವದ ತಾಲೀಮಿನ ನಡುವೆ ಬಿಡುವು ಕೊಟ್ಟಾಗ, ನಮ್ಮ ಮಕ್ಕಳೆಲ್ಲ ಸಭಾಂಗಣದ ಮೂಲೆಯಲ್ಲಿ ಗುಂಪುಗೂಡಿ ದಂಗೊ ಎಂಬ ಜಪಾನಿ ತಿನಿಸಿನ ಹಾಡು ಶುರುಮಾಡಿದರು. ನಾಡಗೀತೆಯ ಎರಡನೆಯ ಚರಣಕ್ಕೆ ತಡವರಿಸಿದ್ದ ಅದೇ ಮಕ್ಕಳು ಇದನ್ನು ಒಂದಕ್ಷರ ಬಿಡದೆ ಹಾಡಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಬೇಸರವಾಯಿತು. ‘ಇಲ್ಲಾದರೂ ಕನ್ನಡ ಹಾಡಬಾರದೇ’ ಎಂದರು. ಅವರ ನೋವು ನನಗೆ ತಿಳಿಯುತ್ತದೆ. ಆದರೂ ಈ ತಿಂಗಳ ಸಂಪಾದಕೀಯವನ್ನು ಆ ಹಾಡಿಗೂ ಅದರ ಬಂಧುಬಳಗಕ್ಕೂ ಮೀಸಲಿಡುತ್ತಿದ್ದೇನೆ. ಜಪಾನಿಗೆ ಬಂದ ಮೇಲೆ ಈ ದೇಶದ ಮನಸ್ಸು ನನಗೆ ಅಷ್ಟಿಷ್ಟು ತೆರೆದುಕೊಂಡಿದ್ದರೆ ಅದು ತಿನಿಸಿನ ಹಾಡುಗಳಿಂದ.

ದಂಗೊ ಎಂದರೆ ಬಿದಿರುಕಡ್ಡಿಗೆ ಪೋಣಿಸಿದ ಅಕ್ಕಿಹಿಟ್ಟಿನ ಉಂಡೆ. ಹಾಡಿನಲ್ಲಿ ಒಂದೇ ಕಡ್ಡಿಯ ಮೂರು ಉಂಡೆಗಳು ಅಣ್ಣತಮ್ಮಂದಿರು: ಮೇಲೆ ಹಿರಿಯವನು, ಕೆಳಗೆ ಕಿರಿಯವನು, ನಡುವೆ ಸಿಕ್ಕಿಕೊಂಡ ಎರಡನೆಯವನು. ಬೆಂಕಿಯಲ್ಲಿ ಸೀದ ಕಲೆಯ ವಿಷಯಕ್ಕೆ ಜಗಳವಾಡುತ್ತಾರೆ, ಉಂಡೆಗಳ ನಡುವೆ ಸಂದು ಬೀಳುತ್ತದೆ, ಮತ್ತೆ ರಾಜಿಯಾಗುತ್ತಾರೆ. ಬೀರುವಿನಲ್ಲಿ ಹಗಲು ನಿದ್ದೆಗೆಂದು ಮಲಗಿದವರು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿಬಿಟ್ಟಿರುತ್ತಾರೆ. ಮುಂದಿನ ಜನ್ಮದಲ್ಲೂ ಒಂದೇ ಕಡ್ಡಿಯಲ್ಲಿ ಹುಟ್ಟಬೇಕು, ಸಾಧ್ಯವಾದರೆ ಮೈತುಂಬ ಹೂರಣ ಮೆತ್ತಿಕೊಂಡು ಎಂಬುದು ಅವರ ಆಸೆ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಮಕ್ಕಳ ಕಾರ್ಯಕ್ರಮದ ಈ ಹಾಡು ಧ್ವನಿಮುದ್ರಿಕೆಯಾಗಿ ಬಂದದ್ದು 1999ರ ಮಾರ್ಚ್ 3ರಂದು. ಸುಮಾರು 29 ಲಕ್ಷ ಪ್ರತಿಗಳು ಖರ್ಚಾದವು. ಅದರ ತಾಳ ಟ್ಯಾಂಗೊ ನೃತ್ಯದ್ದು. ದಂಗೊ, ಟ್ಯಾಂಗೊ ಎಂಬ ಪ್ರಾಸವೇ ಹಾಡಿನ ಜೀವ. ಪುರಂದರದಾಸರು ಭಿಕ್ಷೆಗೆ ರಾಗಿ ಕೇಳುತ್ತ, ‘ಯೋಗ್ಯರಾಗಿ’ ಎಂದು ಅದೇ ರಾಗಿಯಿಂದ ಇನ್ನೊಂದು ಅರ್ಥ ಬೀಸಿದರಲ್ಲ, ಅದನ್ನು ಕೇಳಿ ಬೆಳೆದವರಿಗೆ ಈ ಆಟದ ರುಚಿಯನ್ನು ವಿವರಿಸಬೇಕಾಗಿಲ್ಲ.

ಆದರೆ ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಇದಕ್ಕಿಂತ ಹಳೆಯ ತೈಯಾಕಿ ಹಾಡು. ತೈಯಾಕಿ ಎಂದರೆ ಹೂರಣ ತುಂಬಿ ಮೀನಿನ ಅಚ್ಚಿನಲ್ಲಿ ಬೇಯಿಸಿದ ಸಿಹಿ ತಿನಿಸು. ಟೋಕಿಯೊದ ಅಜಾಬು ಜೂಬನ್‌ನಲ್ಲಿ 1909ರಲ್ಲಿ ಆರಂಭವಾದ ನಾನಿವಾಯಾ ಎಂಬ ಅಂಗಡಿಯಿದೆ. ಹಾಡಿಗೆ ಸ್ಫೂರ್ತಿ ಅದೇ ಎನ್ನುತ್ತಾರೆ. ಮೊದಲ ಸಲ ಹೋದಾಗ ನಾನು ಬಹಳ ಹೊತ್ತು ಒಲೆಯ ಮುಂದೆಯೇ ನಿಂತುಬಿಟ್ಟೆ. ಉದ್ದ ಹಿಡಿಯ ಕಬ್ಬಿಣದ ಅಚ್ಚುಗಳು, ಒಂದೊಂದರಲ್ಲಿ ಒಂದೊಂದೇ ಮೀನು. ತೆಳ್ಳಗೆ ಹಿಟ್ಟು ಹೊಯ್ದು, ಕೆಂಪು ಅಜುಕಿ ಕಾಳಿನ ಸಿಹಿ ಹೂರಣವನ್ನು ಬಾಲದವರೆಗೂ ತುಂಬಿ, ಅಚ್ಚು ಮುಚ್ಚಿ, ಬೆಂಕಿಯ ಮೇಲೆ ತಿರುವಿ ತಿರುವಿ ಹಾಕುತ್ತಾರೆ. ಹೀಗೆ ಒಂಟಿ ಅಚ್ಚಿನಲ್ಲಿ ಬೆಂದದ್ದನ್ನು ಇಲ್ಲಿನ ತಿಂಡಿಪ್ರಿಯರು ‘ಕಡಲಲ್ಲಿ ಹಿಡಿದ ಮೀನು’ ಎಂದೂ, ಒಂದೇ ಹಂಚಿನಲ್ಲಿ ಸಾಲಾಗಿ ಬೆಂದದ್ದನ್ನು ‘ಸಾಕಿದ ಮೀನು’ ಎಂದೂ ಕರೆಯುತ್ತಾರೆ. ಬಾಯಿಗಿಟ್ಟರೆ ಹೊರಗೆ ಗರಿಗರಿ, ಒಳಗೆ ನಾಲಿಗೆ ಸುಡುವ ಹೂರಣ. ನಮ್ಮ ಕರಿಗಡುಬಿನ ನೆನಪು ತಾನಾಗಿ ಬಂತು.

ಹಾಡಿನ ತೈಯಾಕಿಗೆ ದಿನವೂ ಹಂಚಿನ ಮೇಲೆ ಬೆಂದು ಬೆಂದು ರೋಸಿಹೋಗಿದೆ. ಒಂದು ಬೆಳಿಗ್ಗೆ ಅಂಗಡಿಯವನೊಡನೆ ಜಗಳವಾಡಿ ಕಡಲಿಗೆ ಹಾರುತ್ತದೆ. ಹೊಟ್ಟೆಯ ಹೂರಣ ಭಾರ, ಆದರೆ ಕಡಲು ವಿಶಾಲ. ಹಿಗ್ಗಿನಿಂದ ಈಜುತ್ತದೆ. ಹಸಿವಾದಾಗ ಗಾಳಕ್ಕೆ ಸಿಕ್ಕುತ್ತದೆ. ಮೇಲೆ ಬಂದಾಗ ಅದಕ್ಕೆ ಅರಿವಾಗುತ್ತದೆ: ಎಷ್ಟು ಈಜಿದರೂ ತಾನು ಸ್ವಲ್ಪ ಸೀದ ತೈಯಾಕಿಯೇ. ಹಿಡಿದವನು ಬಾಯಿ ಚಪ್ಪರಿಸಿ ತಿನ್ನುತ್ತಾನೆ. ಮಕ್ಕಳ ಹಾಡು ಅಲ್ಲಿಗೆ ಮುಗಿಯುತ್ತದೆ!

1975ರ ಡಿಸೆಂಬರ್ 25ರಂದು ಹೊರಬಂದ ಈ ಹಾಡು 45 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಜಪಾನಿನಲ್ಲಿ ಇಷ್ಟು ಮಾರಾಟವಾದ ಬಿಡಿ ಹಾಡಿನ ಮುದ್ರಿಕೆ (ಸಿಂಗಲ್) ಇನ್ನೊಂದಿಲ್ಲ. ಕೊಂಡವರೆಲ್ಲ ಮಕ್ಕಳಿಗಾಗಿಯೇ ಕೊಳ್ಳಲಿಲ್ಲ. ಬೆಳಗಿನ ರೈಲಿನಲ್ಲಿ ಕಚೇರಿಗೆ ಹೋಗಿ ರಾತ್ರಿ ಮರಳುವ ನೌಕರರು ಹಂಚಿನ ಮೇಲಿನ ಆ ಮೀನಿನಲ್ಲಿ ತಮ್ಮನ್ನೇ ಕಂಡರು. ಹಾಡಿದ ಶಿಮೊನ್ ಮಸಾತೊ ಅವರಿಗೆ ಆ ಹಾಡಿಗೆಂದು ಗೊತ್ತಾಗಿದ್ದ ಸಂಭಾವನೆ 50 ಸಾವಿರ ಯೆನ್ ಮಾತ್ರ, ಮಾರಾಟದಲ್ಲಿ ಪಾಲಿರಲಿಲ್ಲ. ಇದನ್ನು ಓದಿದ ದಿನ ನನಗೆ ಹಾಡು ಇನ್ನಷ್ಟು ಕಹಿಯಾಗಿ, ಇನ್ನಷ್ಟು ಆಪ್ತವಾಗಿ ಕೇಳಿಸಿತು. ಹುಟ್ಟಿದ ಹಂಚು ಬಿಟ್ಟು ಕಡಲು ದಾಟಿ ಬಂದವರು ನಾವು. ಹೊಟ್ಟೆಯಲ್ಲಿ ಹೂರಣ ಹಾಗೆಯೇ ಇದೆ.

ಈ ಹಾಡುಗಳಲ್ಲಿ ಮನುಷ್ಯ ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳುವುದಿಲ್ಲ, ತಿನಿಸಿನ ಮೇಲೆ ಹೊರಿಸುತ್ತಾನೆ. ಯುದ್ಧ ಮುಗಿದೊಡನೆ ನಾಡಿನ ಬಾಯಲ್ಲೆಲ್ಲ ನಲಿದದ್ದು ಸೇಬಿನ ಹಾಡು. 1945ರ ಅಕ್ಟೋಬರಿನಲ್ಲಿ ತೆರೆಕಂಡ ಚಿತ್ರದ್ದು; ಮುಂದಿನ ಜನವರಿಯಲ್ಲಿ ಧ್ವನಿಮುದ್ರಿಕೆ ಬಂತು. ಸೇಬು ಏನೂ ಹೇಳುವುದಿಲ್ಲ, ಆದರೆ ಅದರ ಮನಸ್ಸು ನನಗೆ ಗೊತ್ತು ಎನ್ನುತ್ತದೆ ಹಾಡು. ಟೋಕಿಯೊ ಸುಟ್ಟು ಬೂದಿಯಾಗಿತ್ತು, ಪಡಿತರ ಸಾಲುತ್ತಿರಲಿಲ್ಲ, ಕಾಳಸಂತೆಯಲ್ಲಿ ಸೇಬು ಬಡವರ ಕೈಗೆಟುಕುತ್ತಿರಲಿಲ್ಲ. ಹಾಡಿದ ನಾಮಿಕಿ ಮಿಚಿಕೊ 1945ರ ಮಾರ್ಚ್ 10ರ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡಿದ್ದರು. ಇನ್ನೂ ಉಲ್ಲಾಸದಿಂದ ಹಾಡು ಎಂದು ಸಂಗೀತ ಸಂಯೋಜಕ ಮಾಂಜೊಮೆ ತದಾಶಿ ಮತ್ತೆ ಮತ್ತೆ ಹೇಳಿದರಂತೆ. ಆ ಉಲ್ಲಾಸವನ್ನು ಕೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಕುಡಿತದ ಹಾಡುಗಳಂತೂ ಲೆಕ್ಕವಿಲ್ಲದಷ್ಟು. ‘ಎಂಕಾ’ ಎಂಬ ಪ್ರಕಾರದಲ್ಲಿ ಸಾಕೆ ಎಂಬ ಅಕ್ಕಿಮದ್ಯ, ಕಣ್ಣೀರು, ಬಂದರು, ಮಳೆ ಒಂದನ್ನೊಂದು ಬಿಟ್ಟಿರುವುದೇ ಅಪರೂಪ. ಅವುಗಳಲ್ಲಿ ನಾನು ಎತ್ತಿಕೊಳ್ಳುವುದು 2023ರ ಕೊನೆಯಲ್ಲಿ ತೀರಿಕೊಂಡ ಯಾಶಿರೊ ಅಕಿ ಅವರ, 1979ರ ‘ಫುನಾಉತಾ’ವನ್ನು. ಹೆಸರಿನ ಅರ್ಥ ದೋಣಿಯ ಹಾಡು. ಸಾಕೆ ಉಗುರುಬೆಚ್ಚಗಿದ್ದರೆ ಸಾಕು, ನಂಜಿಕೊಳ್ಳಲು ಸುಟ್ಟ ಸ್ಕ್ವಿಡ್ ಇದ್ದರೆ ಸಾಕು, ದೀಪ ಮಂಕಾಗಿದ್ದರೆ ಸಾಕು. ಗಿರಾಕಿಯೊಬ್ಬ ಅಂಗಡಿಯಾಕೆಗೆ ತನಗೇನು ಬೇಕೆಂದು ಹೇಳುತ್ತಿರುವಂತಿದೆ ಅದರ ಆರಂಭ. ಕೇಳುವುದೆಲ್ಲ ಇಷ್ಟು ಕಡಿಮೆಯಾದ ಮೇಲೆ, ಅವನು ಕಳೆದುಕೊಂಡದ್ದೆಷ್ಟು ಎಂಬುದು ಹೇಳದೆಯೇ ತಿಳಿಯುತ್ತದೆ.

ಒಂದು ಅನ್ಯಾಯವನ್ನೂ ದಾಖಲಿಸಬೇಕು. ಸಾಕಾಮೊಟೊ ಕ್ಯೂ 1961ರಲ್ಲಿ ಹಾಡಿದ, ಕಣ್ಣೀರು ಜಾರದಿರಲೆಂದು ತಲೆಯೆತ್ತಿ ನಡೆಯುವವನ ಹಾಡು 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿ ಅದು ಮಾರಾಟವಾದ ಹೆಸರು ‘ಸುಕಿಯಾಕಿ’, ಗೋಮಾಂಸದ ಒಂದು ಅಡುಗೆಯದು. ಹಾಡಿನಲ್ಲಿ ಊಟದ ಸುಳಿವೇ ಇಲ್ಲ. ಉಚ್ಚರಿಸಲು ಸುಲಭ, ಮೊದಲೇ ಪರಿಚಿತ ಎಂಬುದಷ್ಟೇ ಕಾರಣ. ಉಡುಪಿ ಹೋಟೆಲಿನ ತಿಂಡಿಪಟ್ಟಿಯಾಚೆಗೆ ನಮ್ಮನ್ನು ಅರಿಯದವರ ನಡುವೆ ಬದುಕಿರುವ ನಮಗೆ ಈ ನೋವು ಹೊಸದಲ್ಲ.

ಮಕ್ಕಳನ್ನು ಆ ದಿನ ಸುಮ್ಮನಾಗಿಸದೆ ಬಿಟ್ಟದ್ದು ಇದೆಲ್ಲ ನೆನಪಿಗೆ ಬಂದದ್ದರಿಂದ. ಬಿಡುವು ಮುಗಿಯುವ ಹೊತ್ತಿಗೆ ಆ ಹಿರಿಯರೇ ಮಕ್ಕಳ ಪಕ್ಕದಲ್ಲಿ ಕುಳಿತು, ನಡುವಿನ ತಮ್ಮ ಏನು ಹೇಳುತ್ತಾನೆ ಎಂದು ವಿಚಾರಿಸುತ್ತಿದ್ದರು. ರಾಜ್ಯೋತ್ಸವದಲ್ಲಿ ದಾಸರ ರಾಗಿಯ ಪದವಾದ ಮೇಲೆ ದಂಗೊ ಹಾಡನ್ನೂ ಹಾಡಿಸುವುದೆಂದು ಸಮಿತಿ ಒಪ್ಪಿದೆ. ಆ ದಿನ ಊಟಕ್ಕೆ ಹೋಳಿಗೆಯ ಜೊತೆ ದಂಗೊ ಕೂಡ ಇರುತ್ತದೆ. ಉಂಡೆ ಕಟ್ಟಿ ಕಡ್ಡಿಗೆ ಪೋಣಿಸಲು ಏಳೆಂಟು ಜನರಾದರೂ ಬೇಕು. ಬಿಡುವಿರುವವರು ಬೆಳಿಗ್ಗೆ ಎಂಟಕ್ಕೆ ಸಭಾಂಗಣದ ಅಡುಗೆಮನೆಗೆ ಬನ್ನಿ. ಅಕ್ಕಿಹಿಟ್ಟು ನಾನು ತರುತ್ತೇನೆ.