ಚೆಂಡು ನಿನ್ನ ಕಡೆ ಬರದಿದ್ದಾಗ

ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ಮೂರು ನಾಲ್ಕು ಸಲ ಓದಿದೆ. ಎಲ್ಲರೂ ಸೇರಿ ಟ್ರಿಪ್ ಹೋಗಿದ್ದಾರೆ, ನಿನಗೆ ಗೊತ್ತಾಗಿದ್ದು ಫೋಟೋ ನೋಡಿದ ಮೇಲೆ. 'ನಾನು ಯಾರಿಗೂ ಬೇಡ ಕಣೋ' ಅಂತ ಬರೆದಿದ್ದೀಯ. ಆ ಸಾಲು ಓದಿ ಸಂಕಟವಾಯಿತು.

ನಿನಗೆ ನೋವಾಗಿದ್ದು ನಿಜ, ಅದನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ. ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಒಮ್ಮೆ ಪಾರ್ಕಿನಲ್ಲಿದ್ದಾಗ ಯಾರೋ ಇಬ್ಬರು ಆಡುತ್ತಿದ್ದ ಫ್ರಿಸ್ಬೀ ಇವರ ಹತ್ತಿರ ಬಂತಂತೆ, ಇವರು ವಾಪಸ್ ಎಸೆದರು, ಅವರು ಮತ್ತೆ ಇವರಿಗೇ ಎಸೆದರು, ಹೀಗೆ ಸ್ವಲ್ಪ ಹೊತ್ತು ಆಡಿ ಆಮೇಲೆ ಇದ್ದಕ್ಕಿದ್ದ ಹಾಗೆ ಅವರಿಬ್ಬರೇ ಆಡಿಕೊಳ್ಳತೊಡಗಿದರು. ಗುರುತು ಪರಿಚಯ ಇಲ್ಲದವರು. ಆದರೂ ಇವರ ಮನಸ್ಸಿಗೆ ಚುಚ್ಚಿತು. ಅದರಿಂದಲೇ ಮುಂದೆ ಸೈಬರ್‌ಬಾಲ್ ಅನ್ನುವ ಪ್ರಯೋಗ ಹುಟ್ಟಿತು: ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುತ್ತಾರೆ, ಶುರುವಿನ ಕೆಲವು ಎಸೆತ ಆದ ಮೇಲೆ ನಿನ್ನ ಕಡೆ ಚೆಂಡು ಬರುವುದೇ ಇಲ್ಲ. 2004ರ ಒಂದು ಅಧ್ಯಯನದಲ್ಲಿ, ಜೊತೆಗೆ ಆಡುತ್ತಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಅಂತ ಗೊತ್ತಿದ್ದವರಿಗೂ ಬೇಜಾರಾಯಿತು. ಕಂಪ್ಯೂಟರಿಗೆ ಯಾರ ಮೇಲೆ ಏನು ಸಿಟ್ಟು ಇರುತ್ತದೆ ಹೇಳು?

ನಿನಗೆ ಇದನ್ನೇ ಹೇಳಬೇಕು ಅನಿಸಿತು. ನೋವು ಜಾಸ್ತಿ ಆಗಿದೆ ಅಂದ ಮಾತ್ರಕ್ಕೆ ಯಾರೋ ಬೇಕಂತಲೇ ನೋಯಿಸಿದ್ದಾರೆ ಅಂತಲ್ಲ.

ನಾನೇ ಒಮ್ಮೆ ಹೀಗೆ ಒಬ್ಬರನ್ನು ಬಿಟ್ಟಿದ್ದೇನೆ. ಹಳೇ ಗ್ರೂಪ್ ನೋಡಿ ಹೊಸ ಗ್ರೂಪ್ ಮಾಡಿದೆ, ಅವರ ನಂಬರ್ ಬದಲಾಗಿತ್ತು, ಹಳೇದನ್ನೇ ಸೇರಿಸಿಬಿಟ್ಟೆ. ಬಂದಿಲ್ಲ ಅಂದರೆ ಕೆಲಸ ಇರಬೇಕು ಅಂದುಕೊಂಡೆ. ಅವರು ತಿಂಗಳುಗಟ್ಟಲೆ ಒಳಗೊಳಗೇ ಕೊರಗಿದ್ದರು. ನನಗೆ ಗೊತ್ತಾದಾಗ ಅವರ ಮುಖ ನೋಡುವುದಕ್ಕೂ ಆಗಲಿಲ್ಲ.

ನೀನೂ ಈ ವರ್ಷ ಎರಡು ಸಲ ಬರಲ್ಲ ಅಂದಿದ್ದೆ, ನೆನಪಿದೆಯಾ? ಮನೆಯ ತಾಪತ್ರಯ ನನಗೆ ಗೊತ್ತಿತ್ತು, ಟ್ರಿಪ್ ಹೋದವರಿಗೆ ಗೊತ್ತಿರಲಿಲ್ಲ. ಸುಮ್ನೆ ಯಾಕೆ ಮತ್ತೆ ಕೇಳಿ ಮುಜುಗರ ಮಾಡುವುದು ಅಂತ ಬಿಟ್ಟಿರಬಹುದು ಅಲ್ವಾ?

ಗ್ರೂಪಿನಲ್ಲಿ ಏನೂ ಹಾಕಬೇಡ. ಅವರಲ್ಲಿ ಯಾರು ನಿನಗೆ ಹತ್ತಿರವೋ ಅವರೊಬ್ಬರಿಗೆ ಮಾತ್ರ, 'ಫೋಟೋ ನೋಡಿದೆ, ನನಗೂ ಬರಬೇಕು ಅನ್ನಿಸಿತು, ಮುಂದಿನ ಸಲ ನನಗೂ ಹೇಳು' ಅಂತ ಕಳಿಸು. ಹೀಗೆ ಬಾಯಿಬಿಟ್ಟು ಹೇಳಿದ ಮೇಲೂ ಅವರು ಮತ್ತೆ ಮತ್ತೆ ಬಿಟ್ಟು ಹೋದರೆ ಆ ವಿಷಯ ಬೇರೆ, ಆಗ ಅವರ ಪರ ನಾನೂ ಮಾತಾಡುವುದಿಲ್ಲ.

ರಾತ್ರಿ ಫೋನ್ ಮಾಡುತ್ತೇನೆ. ಎತ್ತು, ಆಯ್ತಾ.

ನಿನ್ನವನೇ