ನ್ಯಾನೊ ಆಮೇಲೆ, ಮೊದಲು ಕೆರೆ ನೀರಲ್ಲಿ ಔಷಧಿ ಎಷ್ಟಿದೆ ನೋಡಿ

ಮಾನ್ಯ ಸಂಪಾದಕರೇ,

ನಾವು ನುಂಗಿದ ಮಾತ್ರೆಯ ಅಂಶ ಮೂತ್ರದ ಜೊತೆ ಚರಂಡಿ ಸೇರುತ್ತದೆ. ಹೀಗೆ ನೀರಲ್ಲಿ ಉಳಿದ ಔಷಧಿಯನ್ನು ಗ್ರಾಫೀನ್, ಕಾರ್ಬನ್ ನ್ಯಾನೊಟ್ಯೂಬ್ ಹೀರಿ ತೆಗೆಯುತ್ತವೆ ಅನ್ನೋ ಸುದ್ದಿ ಆಗಾಗ ಬರುತ್ತಿರುತ್ತದೆ. ಸುಳ್ಳೇನಲ್ಲ. ಗ್ರಾಫೀನ್ ಅಂದರೆ ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ, ಅದನ್ನು ಚಾಪೆಯಂತೆ ಸುತ್ತಿದರೆ ನ್ಯಾನೊಟ್ಯೂಬ್. ಒಂದು ಗ್ರಾಂ ಗ್ರಾಫೀನ್ ಪೂರ್ತಿ ಬಿಚ್ಚಿಕೊಂಡರೆ ಅದರ ಮೈ ಸುಮಾರು 2,630 ಚದರ ಮೀಟರ್, ಅಂದರೆ 26 ಗುಂಟೆ! ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ಅದಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ.

ಆದರೆ ಇಂಥ ಎಷ್ಟೋ ಪ್ರಯೋಗ ನಡೆಯೋದು ಶುದ್ಧ ನೀರಿಗೆ ಒಂದೇ ಒಂದು ಔಷಧಿ ಬೆರೆಸಿ. ಚರಂಡಿ ನೀರು ಹಾಗಿರುತ್ತಾ? ಸೋಪು, ಕೊಳೆತ ಕಸದ ಅಂಶ ಎಲ್ಲ ಮೊದಲೇ ಬಂದು ಆ ಜಾಗ ಹಿಡಿದುಬಿಡುತ್ತವೆ. ಬೆಲೆಯೂ ಜಾಸ್ತಿ. ಮೇಲಾಗಿ ಅಷ್ಟು ಸಣ್ಣ ಪುಡಿಯನ್ನು ನೀರಿನಿಂದ ವಾಪಸ್ ತೆಗೆಯೋದು ಕಷ್ಟ, ಮತ್ತು ಉದ್ದನೆಯ ನ್ಯಾನೊಟ್ಯೂಬ್‌ಗಳು ಇಲಿಗಳಲ್ಲಿ ಕಲ್ನಾರಿನಂತೆಯೇ (ಆಸ್ಬೆಸ್ಟಾಸ್) ಉರಿಯೂತ ತಂದದ್ದು 2008ರಲ್ಲೇ ವರದಿಯಾಗಿದೆ.

ನಮ್ಮ ಕೋಲಾರಕ್ಕೆ ಇದು ದೂರದ ಮಾತಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ, ಅಲ್ಲಿಂದ ಇಂಗಿ ಬೋರ್‌ವೆಲ್‌ಗೆ. ನೀರು ಬಂದದ್ದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಂಥ ಮಾತ್ರೆಯ ಅಂಶವನ್ನು ಶುದ್ಧೀಕರಣ ಘಟಕಗಳಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಮುಟ್ಟೋದೇ ಕಡಿಮೆ. ನಮ್ಮ ಕೊಳಚೆ ನೀರಿನ ಮಾನದಂಡದಲ್ಲಿ ಬಿಒಡಿ (ಕೊಳೆಯುವ ಅಂಶದ ಅಳತೆ), ಕೋಲಿಫಾರ್ಮ್ (ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾ) ಇವೆ, ಔಷಧಿ ಇಲ್ಲ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ನೀರನ್ನು ಶುದ್ಧಮಾಡಿ ಹೊರಬಿಟ್ಟ ಮೇಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಸಿಕ್ಕಿದ್ದು 2007ರಲ್ಲಿ ಜಗಜ್ಜಾಹೀರಾಯಿತು. ಇಷ್ಟಾದರೂ ಕೇಂದ್ರದ 2020ರ ಕರಡು ನಿಯಮದಲ್ಲಿ ಕಾರ್ಖಾನೆಗಳಿಗೆ ಹಾಕಿದ್ದ ಆ್ಯಂಟಿಬಯಾಟಿಕ್ ಮಿತಿ ಮರುವರ್ಷದ ಅಂತಿಮ ನಿಯಮದಲ್ಲಿ ಮಾಯ!

ಸ್ವಿಟ್ಜರ್ಲೆಂಡ್ ನ್ಯಾನೊಗೆ ಕಾಯಲಿಲ್ಲ. 2016ರಿಂದ ಅಲ್ಲಿನ ಆಯ್ದ ಶುದ್ಧೀಕರಣ ಘಟಕಗಳಿಗೆ ಓಜೋನ್ ಇಲ್ಲವೇ ಆ್ಯಕ್ಟಿವೇಟೆಡ್ ಕಾರ್ಬನ್ ಹಂತ ಕಡ್ಡಾಯ. ಹಳೇ ಇದ್ದಿಲ ಪುಡಿಯೇ, ಸಾಕಷ್ಟು ಕೆಲಸ ಮಾಡುತ್ತದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಇಂಥ ಹಂತದ ಖರ್ಚಿನ ಕನಿಷ್ಠ ಶೇ 80 ಭಾಗವನ್ನು ಔಷಧಿ ಮತ್ತು ಸೌಂದರ್ಯವರ್ಧಕ ಕಂಪನಿಗಳ ಮೇಲೇ ಹಾಕಿತು.

ಇಲ್ಲೂ ಮೊದಲು ಕೆರೆ, ಬೋರ್‌ವೆಲ್ ಎರಡರಲ್ಲೂ ಔಷಧಿ ಅಂಶ ಪರೀಕ್ಷೆಮಾಡಿ ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಹಾಕಲಿ, ಕಾರ್ಬನ್ ಹಂತಕ್ಕೆ ಹಣ ಇಡಲಿ. ನ್ಯಾನೊ ಸಂಶೋಧಕರಿಗೂ ಒಂದು ವಿನಂತಿ: ಮುಂದಿನ ಪ್ರಯೋಗಕ್ಕೆ ಕೆ.ಸಿ. ವ್ಯಾಲಿ ನೀರು ಬರುವ ನಮ್ಮ ಲಕ್ಷ್ಮೀಸಾಗರ ಕೆರೆಯ ನೀರನ್ನೇ ಕ್ಯಾನಿಗೆ ತುಂಬಿಕೊಂಡು ಹೋಗಿ.

– ಓದುಗ, ಕೋಲಾರ ತಾಲ್ಲೂಕು