ಪೊಲೀಸರು ಶಾಲೆಗೆ ಬಂದಾಗ: ಮುಖ್ಯೋಪಾಧ್ಯಾಯಿನಿಯಾದ ಮಗಳಿಗೆ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಚಾರ್ಜ್ ವಹಿಸಿಕೊಂಡ ಸುದ್ದಿ ನಿನ್ನ ಅಪ್ಪನಿಂದ ತಿಳಿಯಿತು. ಬಹಳ ಸಂತೋಷ. ಫಲಿತಾಂಶ ಸುಧಾರಣೆ, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಇವನ್ನೆಲ್ಲ ಕಲಿಸಲು ನಿನಗೆ ಗುಮಾಸ್ತರಿದ್ದಾರೆ, ಸುತ್ತೋಲೆಗಳಿವೆ. ನನ್ನ ಉಪದೇಶ ಬೇಕಿಲ್ಲ. ಆದರೆ ಗೇಟಿನ ಮುಂದೆ ಪೊಲೀಸ್ ಜೀಪು ನಿಂತಾಗ ಏನು ಮಾಡಬೇಕು ಎಂಬುದನ್ನು ಯಾವ ತರಬೇತಿಯಲ್ಲೂ ನೆಟ್ಟಗೆ ಹೇಳಿಕೊಡುವುದಿಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾದೀತು, ಸಹಿಸಿಕೋ.

ಇಂಥ ಹೊತ್ತಿನಲ್ಲಿ ಮಕ್ಕಳಿಗೆ ಒರಟು ಪೊಲೀಸರಿಂದ ಆಗುವುದಕ್ಕಿಂತ ಹೆಚ್ಚಿನ ಕೇಡು ಗಾಬರಿಬಿದ್ದ ಮುಖ್ಯ ಶಿಕ್ಷಕರಿಂದ ಆಗುವುದನ್ನು ನಾನು ನೋಡಿದ್ದೇನೆ. 'ನಮಗೇಕೆ ಇಲ್ಲದ ರಗಳೆ' ಎಂದು, ಪೊಲೀಸರು ಕೇಳಿದ ಮಗುವನ್ನು ಕೂಡಲೇ ಒಪ್ಪಿಸಿಬಿಡುವವರು ಒಂದು ಬಗೆ. 'ಶಾಲೆಯ ಹೆಸರು ಕೆಡುತ್ತದೆ' ಎಂದು ತಿಳಿಸಲೇಬೇಕಾದ ಸಂಗತಿಯನ್ನೂ ಮುಚ್ಚಿಹಾಕುವವರು ಇನ್ನೊಂದು ಬಗೆ. ಇಬ್ಬರೂ ತಮ್ಮ ಕುರ್ಚಿಯ ಚಿಂತೆಯಲ್ಲಿರುತ್ತಾರೆ. ಅಪ್ಪ ಅಮ್ಮ ಬಂದು ಸೇರುವವರೆಗೆ ಆ ಮಗುವಿನ ಕಡೆಯವಳು ಎಂದು ಅಲ್ಲಿರುವವಳು ನೀನೊಬ್ಬಳೇ.

ನಾನು ಸೇವೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಬೆಳಗಿನ ಎರಡನೇ ಪೀರಿಯಡ್. ಇಬ್ಬರು ಕಾನ್ಸ್‌ಟೇಬಲ್‌ಗಳು ಕಚೇರಿಗೆ ಬಂದು, ಒಂಬತ್ತನೇ ತರಗತಿಯ ಹುಡುಗನೊಬ್ಬನ ಹೆಸರು ಹೇಳಿ, "ಸಾಹೇಬರು ಕರೆದಿದ್ದಾರೆ, ಐದು ನಿಮಿಷ ಕಳಿಸಿಕೊಡಿ ಸಾರ್" ಎಂದರು. ಅದೆಲ್ಲೋ ಮೊಬೈಲ್ ಕಳವಾಗಿತ್ತಂತೆ. ಜವಾನ ಆಗಲೇ ಕಾರಿಡಾರಿನತ್ತ ಹೊರಟಿದ್ದ. ಅವನು ತರಗತಿಯ ಬಾಗಿಲಲ್ಲಿ ನಿಂತು "ನಿನ್ನನ್ನು ಪೊಲೀಸರು ಕರೆಯುತ್ತಿದ್ದಾರೆ" ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು, ಹುಡುಗ ಹತ್ತನೇ ತರಗತಿ ಮುಗಿಸುವವರೆಗೂ 'ಕಳ್ಳ' ಎಂದೇ ಕರೆಸಿಕೊಳ್ಳುತ್ತಿದ್ದ. ಜವಾನನನ್ನು ವಾಪಸು ಕರೆದು, ಬಂದವರನ್ನು ಕೂರಿಸಿ, ಕೇಳಬೇಕಾದ್ದನ್ನು ಕೇಳಿದೆ. ಯಾವ ಠಾಣೆ? ಹುಡುಗ ಆರೋಪಿಯೋ, ಸಾಕ್ಷಿಯೋ? ಮನೆಯವರಿಗೆ ತಿಳಿಸಿದ್ದೀರಾ? ನಿಮ್ಮ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು, ಅವರೇಕೆ ಬರಲಿಲ್ಲ? ಮೊದಲ ಪ್ರಶ್ನೆಗೆ ಉತ್ತರ ಬಂತು, ಉಳಿದವಕ್ಕೆ "ಅದೆಲ್ಲ ಠಾಣೆಯಲ್ಲಿ ನೋಡಿಕೊಳ್ಳುತ್ತಾರೆ ಸಾರ್" ಎಂಬ ಮಾತು. ನಾನು ಅವರೆದುರೇ ಸಬ್‌ಇನ್ಸ್‌ಪೆಕ್ಟರರಿಗೆ ಫೋನ್ ಮಾಡಿದೆ. ಆತ ಒಳ್ಳೆಯ ಮನುಷ್ಯ, ವಿಷಯ ಕೇಳಿದವನೇ ಅವರನ್ನು ಹಿಂದಕ್ಕೆ ಕರೆಸಿಕೊಂಡ. ಸಂಜೆ ಎಎಸ್‌ಐ (ಸಹಾಯಕ ಸಬ್‌ಇನ್ಸ್‌ಪೆಕ್ಟರ್) ಒಬ್ಬರು ಮಾಮೂಲಿ ಷರಟು ಪ್ಯಾಂಟಿನಲ್ಲಿ ಹುಡುಗನ ಮನೆಗೆ ಹೋಗಿ, ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದರು. ಹುಡುಗ ಕದ್ದವರನ್ನು ದೂರದಿಂದ ನೋಡಿದ್ದ, ಅಷ್ಟೇ.

ನಾನು ಕೇಳಿದ ಪ್ರಶ್ನೆಗಳು ನನ್ನ ಜಾಣತನದವಲ್ಲ, ಕಾನೂನಿನಲ್ಲಿಯೇ ಇರುವಂಥವು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಎಲ್ಲರೂ ಮಕ್ಕಳೇ. ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗುವನ್ನು ವಶಕ್ಕೆ ಪಡೆದರೂ ಲಾಕಪ್ಪಿನಲ್ಲಿ ಇಡುವಂತಿಲ್ಲ, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ, ಮಕ್ಕಳ ಪ್ರಕರಣಗಳನ್ನು ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ: ಬೇಡಿ ಹಾಕಬಾರದು, ತಪ್ಪೊಪ್ಪಿಕೊಳ್ಳುವಂತೆ ಒತ್ತಾಯಿಸಬಾರದು, ಯಾವ ಹೇಳಿಕೆಗೂ ಮಗುವಿನ ಸಹಿ ಹಾಕಿಸಿಕೊಳ್ಳಬಾರದು, ತಂದೆ ತಾಯಿಗೆ ತಿಳಿಸಬೇಕು. ಕನಿಷ್ಠ ಏಳು ವರ್ಷ ಶಿಕ್ಷೆಯುಳ್ಳ ಘೋರ ಅಪರಾಧವಾಗಿದ್ದರೆ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾಗಿದ್ದರೆ ಮಾತ್ರ ಎಫ್‌ಐಆರ್. ಉಳಿದಂತೆ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆಯ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ಇನ್ನು ಸಾಕ್ಷಿಯ ಮಾತು. 15 ವರ್ಷದೊಳಗಿನ ಹುಡುಗನನ್ನಾಗಲಿ, ಯಾವ ವಯಸ್ಸಿನ ಹೆಣ್ಣನ್ನಾಗಲಿ ಸಾಕ್ಷಿ ಕೇಳಲು ಠಾಣೆಗೆ ಬರಹೇಳುವಂತಿಲ್ಲ, ಅವರು ವಾಸಿಸುವ ಜಾಗಕ್ಕೇ ಪೊಲೀಸರು ಹೋಗಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದಿತ್ತು, ಅದರ ಬದಲಿಗೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ.

ಇವನ್ನೆಲ್ಲ ಜಗಳದ ದನಿಯಲ್ಲಿ ಹೇಳಬೇಡ. ಪೊಲೀಸರಿಗೂ ಮೇಲಿನಿಂದ ಒತ್ತಡವಿರುತ್ತದೆ, ಅವರಲ್ಲಿ ಅನೇಕರಿಗೆ ಈ ನಿಯಮಗಳ ಪರಿಚಯವೇ ಇರುವುದಿಲ್ಲ. ಮಗಳೇ, ನೀನು ಅವರ ಕೆಲಸಕ್ಕೆ ಅಡ್ಡ ನಿಲ್ಲುವವಳಲ್ಲ. ಗಂಭೀರ ಪ್ರಕರಣವಾಗಿದ್ದು, ಮಗುವನ್ನು ಕರೆದೊಯ್ಯಲೇಬೇಕೆಂದಾದರೆ ತಡೆಯಬೇಡ. ಬಂದವರ ಹೆಸರು, ದರ್ಜೆ, ಠಾಣೆ, ಸಮಯ ಬರೆದುಕೊಂಡು ಸಹಿ ಪಡೆ, ತಂದೆ ತಾಯಿಗೆ ನೀನೇ ಫೋನ್ ಮಾಡು, ಅವರು ಬರುವವರೆಗೆ ಒಬ್ಬ ಶಿಕ್ಷಕರನ್ನು ಮಗುವಿನ ಜೊತೆಗೇ ಕಳಿಸು. ಹುಡುಗಿಯಾದರೆ ಶಿಕ್ಷಕಿಯೇ ಹೋಗಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ ಎಂಬುದನ್ನು ಮನೆಯವರಿಗೆ ಹೇಳು. ಬಡವರ ಮನೆಗಳಲ್ಲಿ ಈ ಸಂಗತಿ ಗೊತ್ತಿರುವುದಿಲ್ಲ, ಗೊತ್ತಿಲ್ಲದೆ ಸಾಲ ಮಾಡುತ್ತಾರೆ.

ಶಾಲೆಯ ಆವರಣದಲ್ಲಿ ಸಮವಸ್ತ್ರದ ಪೊಲೀಸರು ಮಕ್ಕಳನ್ನು ಸಾಲಾಗಿ ಕೂರಿಸಿ ಪ್ರಶ್ನಿಸುವುದನ್ನು ಮಾತ್ರ ಒಪ್ಪಬೇಡ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ಸಂಬಂಧ ದೇಶದ್ರೋಹದ ಪ್ರಕರಣ ದಾಖಲಾಗಿ, ಪೊಲೀಸರು ಮತ್ತೆ ಮತ್ತೆ ಹೋಗಿ ಮಕ್ಕಳನ್ನು ವಿಚಾರಿಸಿದ್ದು ನಿನಗೆ ನೆನಪಿರಬಹುದು. ಸಮವಸ್ತ್ರ ತೊಟ್ಟು, ಆಯುಧ ಸಮೇತ ಮಕ್ಕಳ ಮುಂದೆ ಕುಳಿತ ಫೋಟೊಗಳು ನಮ್ಮ ಹೈಕೋರ್ಟಿನ ಮುಂದೆ ಬಂದವು. ಇದು ಮೇಲ್ನೋಟಕ್ಕೇ ಮಕ್ಕಳ ಹಕ್ಕುಗಳ ಮತ್ತು ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರಲ್ಲಿ ಆಡಳಿತ ಮಂಡಳಿಯವರ ಮೇಲಿದ್ದ ದೇಶದ್ರೋಹದ ಪ್ರಕರಣವೂ ರದ್ದಾಯಿತು. ಯಾರಾದರೂ "ಮೇಡಂ, ಇದೆಲ್ಲ ಮಾಮೂಲಿ" ಎಂದರೆ ಈ ಒಂದು ಉದಾಹರಣೆ ಸಾಕು.

ಈಗ ಇನ್ನೂ ಕಷ್ಟದ ಮಾತು. ಪೊಲೀಸರು ತಾವಾಗಿ ಬರುವ ಸಂದರ್ಭಗಳಿಗಿಂತ ನೀನೇ ಅವರಿಗೆ ತಿಳಿಸಬೇಕಾದ ಸಂದರ್ಭಗಳು ನಿನ್ನ ಎದೆಗಾರಿಕೆಯನ್ನು ಹೆಚ್ಚು ಕೇಳುತ್ತವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, ನಡೆಯಬಹುದೆಂಬ ಆತಂಕವಿದ್ದರೂ ಸಹ, ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಕೃತ್ಯವನ್ನು ತಿಳಿಸದೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವನ್ನೂ ಜರುಗಿಸುವಂತಿಲ್ಲ. ಆ ದಿನ ನಿನ್ನ ಕೋಣೆ ತುಂಬಿಹೋಗುತ್ತದೆ. 'ಮೊದಲು ನಾವೇ ಒಂದು ವಿಚಾರಣೆ ಮಾಡೋಣ' ಎನ್ನುವವರು, 'ಪಾಪ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ' ಎನ್ನುವವರು, ಕೊನೆಗೆ ಹೆತ್ತವರೇ 'ಮರ್ಯಾದೆ ಹೋಗುತ್ತದೆ, ಬಿಡಿ ಮೇಡಂ' ಎನ್ನುವುದೂ ಉಂಟು. ಯಾರ ಒಪ್ಪಿಗೆಗೂ ಕಾಯಬೇಡ. ನಿಜವೋ ಸುಳ್ಳೋ ತೀರ್ಮಾನಿಸುವುದು ನಿನ್ನ ಕೆಲಸವೇ ಅಲ್ಲ.

ಮಗು ಯಾವ ಶಿಕ್ಷಕಿಯ ಬಳಿ ಹೇಳಿಕೊಂಡಿತೋ ಅವರೇ, ಮಗು ಬಳಸಿದ ಮಾತುಗಳಲ್ಲೇ, ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಲಿ. ಮತ್ತೆ ನಿನ್ನ ಮುಂದೆ, ಆಮೇಲೆ ಎಸ್‌ಡಿಎಂಸಿ ಅಧ್ಯಕ್ಷರ ಮುಂದೆ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಂದೆ ಅದನ್ನೇ ಹೇಳಿಸಬೇಡ. ಆರೋಪಕ್ಕೆ ಗುರಿಯಾದವನನ್ನು ಎದುರಿಗೆ ನಿಲ್ಲಿಸಿ 'ಇವರೇನಾ?' ಎಂದು ಕೇಳುವ ಕ್ರೂರ ಪದ್ಧತಿ ಕೆಲವು ಶಾಲೆಗಳಲ್ಲಿದೆ, ಅದಂತೂ ಕೂಡದು. ಠಾಣೆಗೆ ತಿಳಿಸು. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ, ಇಲ್ಲವೇ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್‌ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರಬೇಕು. ಹೆತ್ತವರು ಅಥವಾ ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ಆ ನಂಬಿಕೆಯ ವ್ಯಕ್ತಿ ಎಷ್ಟೋ ಸಲ ಶಾಲೆಯ ಒಬ್ಬ ಟೀಚರೇ ಆಗಿರುತ್ತಾರೆ. ಆ ದಿನ ಅವರಿಗೆ ಬೇರೆ ಡ್ಯೂಟಿ ಹಾಕಬೇಡ.

ಮೊಬೈಲಿನ ಕಾಲವಿದು, ಆದ್ದರಿಂದ ಇದನ್ನೂ ಹೇಳಬೇಕು. ಮಕ್ಕಳ ಅಶ್ಲೀಲ ಚಿತ್ರವೋ ವಿಡಿಯೊವೋ ಇರುವ ಫೋನ್ ಸಿಕ್ಕರೆ ಅದನ್ನು ತೆರೆದು ನೋಡುತ್ತಾ ಕೂರಬೇಡ. 'ಸಾಕ್ಷಿಗೆ ಇರಲಿ' ಎಂದು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ ಕಳಿಸಿದವರೇ ಅಪರಾಧಿಗಳಾಗುತ್ತಾರೆ. ಲಕೋಟೆಯಲ್ಲಿಟ್ಟು, ಇಬ್ಬರ ಸಹಿ ಹಾಕಿಸಿ, ಪೊಲೀಸರಿಗೆ ಒಪ್ಪಿಸಿ ರಸೀದಿ ಪಡೆ.

ಹಾಗೆಂದು ಎಲ್ಲಕ್ಕೂ ಠಾಣೆಗೆ ಓಡಬೇಡ. ಹುಡುಗರ ಹೊಡೆದಾಟ, ಜ್ಯಾಮಿಟ್ರಿ ಬಾಕ್ಸಿನ ಕಳವು, ಗೋಡೆ ಬರಹ, ಪ್ರೇಮ ಪತ್ರ ಇವು ಶಾಲೆಯೇ ಬಗೆಹರಿಸಬೇಕಾದ ಸಂಗತಿಗಳು. ಶೌಚಾಲಯದ ಹಿಂದೆ ಗುಟ್ಕಾ ಜಗಿಯುವ ಹುಡುಗನನ್ನು ಹಿಡಿದಾಗ ನಮ್ಮ ಸಿಟ್ಟೆಲ್ಲ ಅವನ ಮೇಲೆ ತಿರುಗುತ್ತದೆ, ಮಾರಿದವನು ಗೇಟಿನಾಚೆ ಆರಾಮವಾಗಿರುತ್ತಾನೆ. ಮಗುವಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ವಿದ್ಯಾಸಂಸ್ಥೆಯಿಂದ ನೂರು ಗಜದೊಳಗೆ ತಂಬಾಕು ಮಾರುವುದೇ ನಿಷಿದ್ಧ. ಪೊಲೀಸರಿಗೆ ಪತ್ರ ಬರೆಯುವುದಾದರೆ ಆ ಅಂಗಡಿಯ ಬಗ್ಗೆ ಬರೆ.

ಮಗು ಕಾಣೆಯಾದಾಗ 'ಒಂದು ದಿನ ನೋಡೋಣ' ಎನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಇನ್ನೊಂದು ಅಭ್ಯಾಸವನ್ನು ನಿನ್ನ ಶಿಕ್ಷಕರಿಂದ ಬಿಡಿಸು. 'ಪೊಲೀಸರಿಗೆ ಹಿಡಿದುಕೊಡುತ್ತೇನೆ ನೋಡು' ಎಂದು ಮಕ್ಕಳನ್ನು ಹೆದರಿಸುವುದು. ಹೀಗೆ ಹೆದರಿ ಬೆಳೆದ ಹುಡುಗಿ ನಾಳೆ ತನಗೇ ತೊಂದರೆಯಾದಾಗ ಠಾಣೆಯ ಮೆಟ್ಟಿಲು ಹತ್ತುತ್ತಾಳೆಯೇ? ನಮ್ಮ ಪೊಲೀಸ್ ಇಲಾಖೆಯ 'ತೆರೆದ ಮನೆ' ಕಾರ್ಯಕ್ರಮದಲ್ಲಿ ಮಕ್ಕಳನ್ನು ಠಾಣೆಗೆ ಕರೆದೊಯ್ಯಲು ಅವಕಾಶವಿದೆ. ಅದನ್ನು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ಮಾಡದೆ, ಮಕ್ಕಳು ಪ್ರಶ್ನೆ ಕೇಳುವಂತೆ ಮಾಡು. ದೂರು ಬರೆಯುವ ಮೇಜು ಯಾವುದು, ಅಲ್ಲಿ ಯಾರನ್ನು ಕೇಳಬೇಕು ಎಂಬುದಷ್ಟು ತಿಳಿದರೂ ಸಾಕು.

ದಾಖಲೆಗಳ ವಿಷಯ. ಮಗುವಿನ ವಯಸ್ಸಿನ ಬಗ್ಗೆ ಅನುಮಾನ ಬಂದರೆ ಬಾಲನ್ಯಾಯ ಮಂಡಳಿ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು. ದಾಖಲಾತಿ ರಿಜಿಸ್ಟರಿನ ಒಂದು ಸಾಲಿನ ಮೇಲೆ ಹುಡುಗ ಮಕ್ಕಳ ಮಂಡಳಿಗೆ ಹೋಗುತ್ತಾನೋ, ದೊಡ್ಡವರ ಕೋರ್ಟಿಗೆ ಹೋಗುತ್ತಾನೋ ಎಂಬುದು ನಿಂತಿರುತ್ತದೆ. ನಮ್ಮ ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಮೇಷ್ಟರು ಬರೆದದ್ದೇ ಹುಟ್ಟಿದ ದಿನ! ನೀನು ಹಾಗೆ ಮಾಡಬೇಡ. ಜನನ ಪ್ರಮಾಣಪತ್ರ ನೋಡಿಯೇ ಬರೆಸು, ತಿದ್ದುಪಡಿಗೆ ಬಿಳಿ ಶಾಯಿ ಹಚ್ಚಲು ಯಾರಿಗೂ ಬಿಡಬೇಡ. ಪೊಲೀಸರು ದಾಖಲೆ ಕೇಳಿದರೆ ಲಿಖಿತ ಕೋರಿಕೆ ಪಡೆದು ದೃಢೀಕೃತ ಪ್ರತಿ ಕೊಡು, ಮೂಲ ರಿಜಿಸ್ಟರು ಕೋಣೆ ಬಿಟ್ಟು ಹೋಗದಿರಲಿ.

ಪತ್ರಿಕೆಯವರು ಬಂದರೆ ಮಗುವಿನ ಹೆಸರು, ಶಾಲೆಯ ಹೆಸರು, ಫೋಟೊ ಯಾವುದನ್ನೂ ಬಿಟ್ಟುಕೊಡಬೇಡ. ಗುರುತು ಬಹಿರಂಗಪಡಿಸುವುದು ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದಾದ ಅಪರಾಧ. ಸ್ಟಾಫ್‌ರೂಮಿನ ಹರಟೆಯಲ್ಲೂ ಮಗುವಿನ ಗುರುತು ಬಾಯಿಬಿಡಬಾರದು ಎಂದು ನಿನ್ನ ಸಹೋದ್ಯೋಗಿಗಳಿಗೆ ಒಮ್ಮೆ ಓದಿ ಹೇಳು.

ಪ್ರಕರಣ ಮುಗಿದೋ, ಜಾಮೀನು ಸಿಕ್ಕೋ ಹುಡುಗ ಶಾಲೆಗೆ ಮರಳಿದಾಗ ಪೋಷಕರ ಗುಂಪೊಂದು ಬಂದು "ಇವನಿಗೆ ಟಿ.ಸಿ. ಕೊಟ್ಟು ಕಳಿಸಿ" ಎನ್ನುತ್ತದೆ. ಒತ್ತಾಯಕ್ಕೆ ಮಣಿಯಬೇಡ. ಮಕ್ಕಳ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರೇ ಬಹಿರಂಗಪಡಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಹಾಗಿರುವಾಗ ಟಿ.ಸಿ.ಯ 'ನಡತೆ' ಕಲಮಿನಲ್ಲಿ ಶಾಲೆ ಅದನ್ನು ಕೆಂಪು ಶಾಯಿಯಲ್ಲಿ ಬರೆದರೆ ಹೇಗೆ? ಎಲ್ಲರಿಗೂ ಬರೆಯುವಂತೆ 'ತೃಪ್ತಿಕರ' ಎಂದು ಬರೆ. ಅವನು ತಪ್ಪಿಸಿಕೊಂಡ ಪಾಠಗಳಿಗೆ ಯಾರನ್ನಾದರೂ ಗೊತ್ತುಮಾಡು.

ಈ ವಾರ ಬಿಡುವು ಮಾಡಿಕೊಂಡು ನಿಮ್ಮ ಠಾಣೆಗೆ ಹೋಗಿ ಬಾ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ, ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ನಿನ್ನ ಮೇಜಿನ ಗಾಜಿನಡಿ ಇಟ್ಟುಕೋ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಂಖ್ಯೆಯೂ ಅದರ ಪಕ್ಕದಲ್ಲಿರಲಿ. ಹೋಗಿ ಬಂದ ಮೇಲೆ ಅವರು ಹೇಗೆ ಮಾತನಾಡಿಸಿದರು ಎಂದು ನನಗೊಂದು ಸಾಲು ಬರೆ. ಅಳಿಯಂದಿರಿಗೆ ಮತ್ತು ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ